ಒಂದೇ ಗ್ರಾಹಿ, ಎರಡು ಬೆಳವಣಿಗೆ ಅಂಶಗಳು: ಫಲಿತಾಂಶವೇಕೆ ಬೇರೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ
ಎಲ್ಲರಿಗೂ ಶರಣು. ಇಜಿಎಫ್ ಮತ್ತು ಟಿಜಿಎಫ್-ಆಲ್ಫಾ ಎಂಬ ಬೆಳವಣಿಗೆ ಅಂಶಗಳು (ಕೋಶಕ್ಕೆ ಬೆಳೆಯುವ ಸಂಕೇತ ಕೊಡುವ ಪ್ರೋಟೀನ್‌ಗಳು) ಎರಡೂ ಜೀವಕೋಶದ ಪೊರೆಯ ಮೇಲಿರುವ ಇಜಿಎಫ್‌ಆರ್ ಎಂಬ ಒಂದೇ ಗ್ರಾಹಿಗೆ (ಸಂಕೇತ ಹಿಡಿಯುವ ಪ್ರೋಟೀನಿಗೆ) ಅಂಟಿಕೊಳ್ಳುತ್ತವೆ. ಆದರೆ ಇಜಿಎಫ್ ಕೊಟ್ಟಾಗ ಗ್ರಾಹಿಗಳು ಬಹುಮಟ್ಟಿಗೆ ನಾಶವಾಗುತ್ತವೆ, ಟಿಜಿಎಫ್-ಆಲ್ಫಾ ಕೊಟ್ಟಾಗ ಪೊರೆಗೆ ಮರಳುತ್ತವೆ ಎಂದು ತರಗತಿಯಲ್ಲಿ ಹೇಳಿದರು. ಬೀಗವೂ ಒಂದೇ, ಬಾಗಿಲೂ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಗ್ರಾಹಿಯನ್ನು ಕೋಶವು ಒಳಗೆಳೆದುಕೊಂಡರೆ ಸಂಕೇತ ನಿಂತಿತೆಂದೇ ಅರ್ಥವೇ?

ಉತ್ತರ: ಉಪನ್ಯಾಸಕ, ಬೀದರ್
ಬೀಗದ ಹೋಲಿಕೆಯನ್ನು ಬದಿಗಿಡುವುದು ಒಳ್ಳೆಯದು, ಏಕೆಂದರೆ ಇಲ್ಲಿ ಅಂಟಿಕೊಂಡ ಮೇಲೆಯೇ ನಿಜವಾದ ಕೆಲಸ ಶುರುವಾಗುತ್ತದೆ. ಇಜಿಎಫ್‌ಆರ್‌ನ ಹೊರಭಾಗದಲ್ಲಿ ನಾಲ್ಕು ಖಂಡಗಳಿವೆ. ಬಿಡುವಾಗಿದ್ದಾಗ ಎರಡನೆಯ ಖಂಡದ ತೋಳು ನಾಲ್ಕನೆಯದಕ್ಕೆ ಒತ್ತಿಕೊಂಡು ಮುಚ್ಚಿರುತ್ತದೆ. ಇಜಿಎಫ್ ಒಂದನೆಯ ಮತ್ತು ಮೂರನೆಯ ಖಂಡಗಳ ನಡುವೆ ಸೇರಿಕೊಂಡಾಗ ಆ ತೋಳು ಹೊರಬಂದು ಪಕ್ಕದ ಗ್ರಾಹಿಯ ತೋಳನ್ನು ಹಿಡಿಯುತ್ತದೆ. ಒಳಗಡೆ ಒಂದರ ಕೈನೇಸ್ (ಫಾಸ್ಫೇಟ್ ಸೇರಿಸುವ ಕಿಣ್ವಭಾಗ) ಇನ್ನೊಂದರದನ್ನು ಒತ್ತಿ ಎಚ್ಚರಿಸುತ್ತದೆ, ಕೋಶದೊಳಗಿನ ಬಾಲಗಳ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಸೇರುತ್ತದೆ, ಅಲ್ಲಿಗೆ ಜಿಆರ್‌ಬಿ-2 ಎಂಬ ಪ್ರೋಟೀನ್ ಬಂದು ಬೆಳವಣಿಗೆಯ ಸಂಕೇತವನ್ನು ಒಳಗೆ ಸಾಗಿಸುವ ರಾಸ್ ಮತ್ತು ಇಆರ್‌ಕೆ ಸರಣಿಯನ್ನು ಹೊರಡಿಸುತ್ತದೆ.

ಅದೇ ಬಾಲಕ್ಕೆ ಸಿಬಿಎಲ್ ಎಂಬ ಪ್ರೋಟೀನ್ ಕೂಡ ಬಂದು ಯುಬಿಕ್ವಿಟಿನ್ ಎಂಬ ನಾಶದ ಗುರುತನ್ನು ಅಂಟಿಸುತ್ತದೆ. ಗ್ರಾಹಿಯು ಎಂಡೋಸೋಮಿಗೆ (ಕೋಶವು ಒಳಗೆಳೆದುಕೊಂಡದ್ದನ್ನು ತುಂಬಿಕೊಳ್ಳುವ ಚೀಲಕ್ಕೆ) ಇಳಿದ ಮೇಲೆ ಅಲ್ಲಿನ ಆಮ್ಲೀಯತೆಯಲ್ಲಿ ಟಿಜಿಎಫ್-ಆಲ್ಫಾ ಕಳಚಿಬೀಳುವುದರಿಂದ ಗ್ರಾಹಿ ತಣ್ಣಗಾಗಿ ಪೊರೆಗೆ ಮರಳುತ್ತದೆ. ಇಜಿಎಫ್ ಕಳಚುವುದಿಲ್ಲವಾದ್ದರಿಂದ ಗುರುತು ಉಳಿದು ಗ್ರಾಹಿ ಲೈಸೋಸೋಮಿಗೆ ಸಾಗಿ ಅಲ್ಲಿ ನಾಶವಾಗುತ್ತದೆ. ಅಂದರೆ ತೀರ್ಮಾನ ಆಗುವುದು ಪೊರೆಯ ಮೇಲಲ್ಲ, ಒಳಗೆ. ಎಂಡೋಸೋಮಿನಲ್ಲಿರುವಾಗಲೂ ಬಾಲ ಕೋಶರಸದ ಕಡೆಗೇ ಇರುವುದರಿಂದ ಸಂಕೇತ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ.

ಉತ್ತರ: ರೋಗನಿದಾನ ಪ್ರಯೋಗಾಲಯದ ತಂತ್ರಜ್ಞ, ಕಲಬುರಗಿ
ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದೇ ಕುಟುಂಬದ ಇನ್ನೊಂದು ಗ್ರಾಹಿಯಾದ ಹರ್-2ಗೆ ತನ್ನದೇ ಬೆಳವಣಿಗೆ ಅಂಶವಿಲ್ಲ. ಅದರ ತೋಳು ಸದಾ ಚಾಚಿಕೊಂಡೇ ಇರುತ್ತದೆ, ಲೈಸೋಸೋಮಿಗೂ ಸುಲಭವಾಗಿ ಹೋಗುವುದಿಲ್ಲ. ಸ್ತನದ ಗಡ್ಡೆಯ ಸ್ಲೈಡಿಗೆ ಹರ್-2 ಬಣ್ಣ ಹಾಕಿದಾಗ, ಪ್ರಬಲವಾಗಿದ್ದರೆ ಪ್ರತಿ ಕೋಶದ ಸುತ್ತಲೂ ಗಾಢ ಕಂದು ಉಂಗುರ ಕೋಳಿಬಲೆಯಂತೆ ಹೆಣೆದುಕೊಂಡು ಕಾಣುತ್ತದೆ. ಶೇ. 10ಕ್ಕಿಂತ ಹೆಚ್ಚು ಕೋಶಗಳಲ್ಲಿ ಅದು ಪೂರ್ಣವಾಗಿದ್ದರೆ 3+ ಎಂದು ಬರೆಯುತ್ತೇವೆ. ಖಚಿತವಲ್ಲದ 2+ ಬಂದರೆ ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಬೇಕಾಗುತ್ತದೆ. ಹರ್-2 ವಿರುದ್ಧದ ಔಷಧಿಗಳಲ್ಲಿ ಟ್ರಾಸ್ಟುಜುಮಾಬ್ ಅಂಟುವುದು ಈ ಗ್ರಾಹಿಯ ನಾಲ್ಕನೆಯ ಖಂಡಕ್ಕೆ, ಪರ್ಟುಜುಮಾಬ್ ತೋಳಿರುವ ಎರಡನೆಯದಕ್ಕೆ. ತೋಳಿನ ಮಹತ್ವ ಅಲ್ಲಿಯೇ ತಿಳಿಯುತ್ತದೆ.

ಮರುಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ
ಇಬ್ಬರಿಗೂ ಧನ್ಯವಾದಗಳು ಸರ್. ಹಾಗಾದರೆ ಇಜಿಎಫ್‌ಆರ್‌ನಂಥ ಟೈರೋಸಿನ್ ಕೈನೇಸ್ ಗ್ರಾಹಿಗಳೆಲ್ಲವೂ ಹೀಗೆ ಒಂಟಿಯಾಗಿದ್ದು ಆಮೇಲೆ ಜೋಡಿಯಾಗುವವೇ?

ಉತ್ತರ: ಉಪನ್ಯಾಸಕ, ಬೀದರ್
ಎಲ್ಲವೂ ಹಾಗಲ್ಲ. ಇನ್ಸುಲಿನ್ ಗ್ರಾಹಿಯ ಎರಡು ಅರ್ಧಗಳು ಮೊದಲೇ ಗಂಧಕದ ಬಂಧಗಳಿಂದ ಕೂಡಿಕೊಂಡಿರುತ್ತವೆ. ಅಲ್ಲಿ ಇನ್ಸುಲಿನ್ ಜೋಡಿ ಮಾಡುವುದಿಲ್ಲ, ಇರುವ ಜೋಡಿಯ ಆಕಾರವನ್ನು ಬದಲಿಸುತ್ತದೆ.