ಗಲ್ಫ್‌ನ ಸಹಜ ಮುತ್ತು: ಎರಡು ಹಗ್ಗ, ಹಿತ್ತಾಳೆ ಜರಡಿ, ತೂಕದ ವರ್ಗ

ಕಡಲಂಚು:
ಬಹ್ರೇನಿನ ಮುಹರ್ರಕ್ ಊರಿನ ಮುತ್ತಿನ ಕಸುಬಿನ ಬಗ್ಗೆ ಪ್ರದರ್ಶನ ಫಲಕಗಳನ್ನು ಬರೆಯಬೇಕಿದೆ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ತಾಣ ಅದು. ಊರೊಳಗಿನ 17 ಕಟ್ಟಡ, ಬು ಮಾಹಿರ್ ಕೋಟೆ, ದಡದ ಒಂದು ಭಾಗ, ಕಡಲೊಳಗಿನ ಮೂರು ಚಿಪ್ಪಿನ ದಿಬ್ಬ, ಎಲ್ಲವೂ ಅದರಲ್ಲಿವೆ. ಆದರೆ ಓದಿದ್ದರಲ್ಲೆಲ್ಲ ಮೂಗಿನ ಚಿಮಟ, ಕಾಲಿನ ಕಲ್ಲು, ದೋಣಿಯ ಹಾಡು, ಅಲ್ಲಿಗೆ ಮುಗಿಯಿತು. ಮುಳುಗುವವನಿಗೆ ಹಗ್ಗ ಎರಡೇಕೆ? ಮುತ್ತಿಗೆ ಬೆಲೆ ಕಟ್ಟುತ್ತಿದ್ದದ್ದು ಹೇಗೆ? ಬಂದ ಹಣ ಯಾರಿಗೆ ಎಷ್ಟು ಸೇರುತ್ತಿತ್ತು? ಗೊತ್ತಿರುವವರು ವಿವರವಾಗಿ ತಿಳಿಸಿ.

ನೌಕೆಪಟ:
ಹಗ್ಗದಿಂದ ಶುರು ಮಾಡೋಣ. ಒಂದು ಹಗ್ಗ ಕಲ್ಲಿಗೆ, ಇನ್ನೊಂದು ಕೊರಳಿಗೆ ನೇತುಹಾಕಿಕೊಳ್ಳುವ ಬಲೆಬುಟ್ಟಿಗೆ. ಮುಳುಗುವವನು ಕಲ್ಲಿನ ಹಗ್ಗದ ಕುಣಿಕೆಯಲ್ಲಿ ಪಾದ ಇಟ್ಟು, ಉಸಿರು ತುಂಬಿಕೊಂಡು ಸನ್ನೆ ಮಾಡುತ್ತಾನೆ. ಮೇಲಿರುವ ಎಳೆಯುವವನು ಹಗ್ಗ ಬಿಡುತ್ತಾನೆ. ತಳ ಮುಟ್ಟಿದ ಕೂಡಲೇ ಪಾದ ಬಿಡಿಸಿಕೊಳ್ಳಬೇಕು, ಕಲ್ಲು ಆಗಲೇ ಮೇಲೆ ಹೋಗುತ್ತದೆ. ಉಳಿದ ಕೆಲಸವೆಲ್ಲ ಒಂದು, ಒಂದೂವರೆ ನಿಮಿಷದೊಳಗೆ. ಬುಟ್ಟಿಯ ಹಗ್ಗ ಜಗ್ಗಿದರೆ ಮೇಲಿನವನು ಆಳನ್ನೂ ಬುಟ್ಟಿಯನ್ನೂ ಒಟ್ಟಿಗೆ ಎಳೆದುಕೊಳ್ಳುತ್ತಾನೆ. ಇರುವ ಉಸಿರನ್ನು ಇಳಿಯುವುದಕ್ಕೂ ಏರುವುದಕ್ಕೂ ಖರ್ಚು ಮಾಡದೆ ಪೂರ್ತಿ ಚಿಪ್ಪು ಕೀಳಲು ಉಳಿಸುವ ಏರ್ಪಾಡು ಇದು. ಎಳೆಯುವವನ ಗಮನ ಒಂದು ಕ್ಷಣ ತಪ್ಪಿದರೆ ಕೆಳಗಿನವನ ಜೀವಕ್ಕೇ ಕುತ್ತು. ಹಾಗಾಗಿ ಫಲಕದಲ್ಲಿ ಇಬ್ಬರನ್ನೂ ಜೋಡಿಯಾಗಿಯೇ ತೋರಿಸಿ. ಮುಳುಗುವವನೊಬ್ಬನದೇ ಚಿತ್ರ ಹಾಕಿದರೆ ಅರ್ಧ ಕಸುಬು ಕಾಣುವುದಿಲ್ಲ.

ಚಿಮಟ ಆಮೆಚಿಪ್ಪು ಅಥವಾ ಕೊಂಬಿನದು. ನೀರು ಒಳಹೋಗದಂತೆ ತಡೆಯುವುದಷ್ಟೇ ಅಲ್ಲ, ಮುಚ್ಚಿದ ಮೂಗಿಗೆ ಒಳಗಿನಿಂದ ಊದಿದರೆ ಕಿವಿಯ ಒತ್ತಡವೂ ಸರಿಹೋಗುತ್ತದೆ. 10 ಮೀಟರ್ ಆಳಕ್ಕೆ ಒತ್ತಡ ಎರಡು ಪಟ್ಟಾಗುತ್ತದೆ, ಕಿವಿತಮಟೆ ಹರಿಯುವುದು ಸಾಮಾನ್ಯವಾಗಿತ್ತು. ಚಿಪ್ಪಿನ ಅಂಚು ಕೊಯ್ಯುತ್ತದೆಂದು ಬೆರಳಿಗೆ ಚರ್ಮದ ಟೊಪ್ಪಿಗೆ, ಲೋಳೆಮೀನು ಹೆಚ್ಚಿದ್ದರೆ ಮೈತುಂಬ ಹತ್ತಿಬಟ್ಟೆ.

ತಂದ ಚಿಪ್ಪೆಲ್ಲ ದೋಣಿಯಲ್ಲಿ ಒಂದೇ ರಾಶಿ. ರಾತ್ರಿ ಹಾಗೇ ಬಿಟ್ಟರೆ ಜೀವಿ ಸತ್ತು ಹಿಡಿತ ಸಡಿಲವಾಗುತ್ತದೆ, ಬೆಳಿಗ್ಗೆ ಬಾಗಿದ ಚಾಕುವಿನಿಂದ ನಾಖುದಾನ (ದೋಣಿಯ ನಾಯಕನ) ಕಣ್ಣೆದುರೇ ಬಿಡಿಸುತ್ತಿದ್ದರು. ಯಾವ ಚಿಪ್ಪು ಯಾರು ತಂದದ್ದು ಎಂಬ ಲೆಕ್ಕವೇ ಇರಲಿಲ್ಲ. ಮುತ್ತು ಎಲ್ಲರಿಗೂ ಸೇರಿದ್ದು.

ತಕ್ಕಡಿ:
ಬೆಲೆಯ ವಿಷಯ ನಾನು ಹೇಳುತ್ತೇನೆ. ನನ್ನ ಮಟ್ಟಿಗೆ ಈ ಪರಂಪರೆಯಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು ಇದಕ್ಕೇ.

ಮುತ್ತಿನ ಬೆಲೆ ತೂಕದ ಜೊತೆ ನೇರವಾಗಿ ಏರುವುದಿಲ್ಲ, ತೂಕದ ವರ್ಗದ (ತೂಕವನ್ನು ಅದರಿಂದಲೇ ಗುಣಿಸಿದಾಗ ಬರುವ ಅಂಕಿಯ) ಜೊತೆ ಏರುತ್ತದೆ. ಮೂಲ ಬೆಲೆ 1 ರೂಪಾಯಿ ಎಂದಿಟ್ಟುಕೊಳ್ಳಿ (ಗಲ್ಫ್‌ನಲ್ಲಿ ಆಗ ಭಾರತದ ರೂಪಾಯಿಯೇ ಓಡಾಡುತ್ತಿತ್ತು). 2 ಗ್ರೇನ್ ತೂಗುವ ಮುತ್ತಿಗೆ 4 ರೂಪಾಯಿ, 5 ಗ್ರೇನಿಗೆ 25, 10 ಗ್ರೇನಿಗೆ 100. ಒಂದು ಗ್ರೇನ್ ಎಂದರೆ 50 ಮಿಲಿಗ್ರಾಂ. ಬಣ್ಣ, ಕಾಂತಿ, ಗುಂಡಗಿರುವಿಕೆ ನೋಡಿ ನಿಗದಿಯಾಗುವುದು ಆ ಮೂಲ ಬೆಲೆ. ಚೌಕಾಸಿ ನಡೆಯುತ್ತಿದ್ದದ್ದೂ ಅದರ ಮೇಲೆಯೇ. ಮುಂಬೈ ಮತ್ತು ಗಲ್ಫ್‌ನ ವರ್ತಕರು 'ಚವ್' ಎನ್ನುತ್ತಿದ್ದ ಲೆಕ್ಕದ ತಿರುಳು ಇದೇ: ಒಟ್ಟು ತೂಕದ ವರ್ಗವನ್ನು ಮುತ್ತುಗಳ ಸಂಖ್ಯೆಯಿಂದ ಭಾಗಿಸುವುದು. ಆಮೇಲೆ ಗುಣಿಸುವ ಅಂಕಿ ಊರಿಂದೂರಿಗೆ ಬೇರೆ.

ಇದರಿಂದ ತಕ್ಕಡಿಯ ಮೇಲೆ ಎಂಥ ಭಾರ ಬೀಳುತ್ತದೆ ನೋಡಿ. ತೂಕ ನೂರಕ್ಕೆ 10 ಹೆಚ್ಚಾಗಿ ತೋರಿದರೆ ಬೆಲೆ ನೂರಕ್ಕೆ 21 ಹೆಚ್ಚಾಗುತ್ತದೆ.

ಕಡಲಂಚು:
ಹಿತ್ತಾಳೆಯ ತೂತುಬಟ್ಟಲುಗಳ ಚಿತ್ರ ನೋಡಿದ್ದೇನೆ. ಕೊನೆಗೆ ಹೇಗಿದ್ದರೂ ತೂಗುವುದಾದರೆ ಮೊದಲು ಜರಡಿ ಹಿಡಿಯುವುದೇಕೆ?

ತಕ್ಕಡಿ:
ಮಾರುವವನ ಲಾಭ ನಷ್ಟ ಅಲ್ಲೇ ಇದೆ. 10 ಗ್ರೇನಿನ ಒಂದು, 2 ಗ್ರೇನಿನ ಒಂದು ಮುತ್ತು ಇವೆ ಎನ್ನಿ. ಬೇರೆ ಬೇರೆ ಲೆಕ್ಕ ಹಾಕಿದರೆ 100 ಕೂಡಿಸು 4, ಒಟ್ಟು 104. ಒಂದೇ ಪೊಟ್ಟಣದಲ್ಲಿ ಹಾಕಿದರೆ ಒಟ್ಟು ತೂಕ 12, ಅದರ ವರ್ಗ 144, ಎರಡರಿಂದ ಭಾಗಿಸಿದರೆ 72. ಅವೇ ಮುತ್ತು, ಮೂರರಲ್ಲೊಂದು ಪಾಲು ಬೆಲೆ ಹತ್ತಿರಹತ್ತಿರ ಮಾಯ. ಗಾತ್ರ ಒಂದೇ ಇದ್ದರೆ ಮಾತ್ರ ಒಟ್ಟು ಲೆಕ್ಕವೂ ಬಿಡಿ ಲೆಕ್ಕವೂ ಕೂಡಿಬರುತ್ತವೆ. ಅದಕ್ಕೇ ದೊಡ್ಡ ತೂತಿನ ಬಟ್ಟಲು ಮೇಲೆ, ಸಣ್ಣ ತೂತಿನದು ಕೆಳಗೆ ಜೋಡಿಸಿ ಕುಲುಕುತ್ತಿದ್ದರು. ಮೇಲೆ ನಿಂತದ್ದು 'ತಲೆ', ನಡುವಿನದು 'ಹೊಟ್ಟೆ', ಕೆಳಗಿನದು 'ಬಾಲ'. ನಿಮ್ಮ ಫಲಕದಲ್ಲಿ ಈ ಎರಡು ಲೆಕ್ಕಗಳನ್ನು ಬಟ್ಟಲಿನ ಪಕ್ಕದಲ್ಲೇ ಬರೆಯಿರಿ, ಬಟ್ಟಲು ತಾನಾಗಿ ಅರ್ಥವಾಗುತ್ತದೆ.

ಮಂಕಾದ ಮುತ್ತಿನ ಮೇಲಿನ ಪದರ ಕೆರೆದು ತೆಗೆಯುವ ಕುಶಲಿಗಳೂ ಇದ್ದರು. 10 ಗ್ರೇನಿನದು 9ಕ್ಕೆ ಇಳಿದರೆ ಲೆಕ್ಕ 100ರಿಂದ 81ಕ್ಕೆ ಬೀಳುತ್ತದೆ. ಒಳಗಿನ ಕಾಂತಿ ಮೂಲ ಬೆಲೆಯನ್ನು ನೂರಕ್ಕೆ 23.5ರಷ್ಟಾದರೂ ಏರಿಸದಿದ್ದರೆ ಕೈಸುಟ್ಟುಕೊಂಡಂತೆ. ಒಳಪದರ ಇನ್ನೂ ಮಂಕಾಗಿದ್ದರೆ ಮುಗಿದೇಹೋಯಿತು.

ವರ್ತಕರು ಮುತ್ತನ್ನು ಹಗಲು ಬೆಳಕಿನಲ್ಲಿ ಕೆಂಪು ಬಟ್ಟೆಯ ಮೇಲೆ ಹರಡಿ ನೋಡುತ್ತಿದ್ದರು. ಬೆಲೆಯ ಮಾತುಕತೆ ಬಟ್ಟೆಯಡಿ ಬೆರಳು ಹಿಡಿದು. ಸುತ್ತ ಕೂತವರಿಗೆ ಅಂಕಿ ತಿಳಿಯುವಂತಿರಲಿಲ್ಲ.

ಹವಳದಿಬ್ಬ:
ಹಣದ ಹಂಚಿಕೆ: ಮೊದಲು ಊಟದ ಸಾಮಾನಿನ ಖರ್ಚು, ಆಮೇಲೆ ದೋಣಿಯ ಪಾಲು. ಕುವೈತ್‌ನಲ್ಲಿ ಅದು ಐದರಲ್ಲೊಂದು. ಉಳಿದದ್ದರಲ್ಲಿ ಮುಳುಗುವವನಿಗೆ 3 ಪಾಲು, ಎಳೆಯುವವನಿಗೆ 2, ಕಲಿಯುವ ಹುಡುಗನಿಗೆ 1.

ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ಆದರೆ ಹಂಗಾಮು ಜೂನ್‌ನಿಂದ ಸುಮಾರು ನಾಲ್ಕು ತಿಂಗಳು ಮಾತ್ರ. ಮನೆಯವರ ಹೊಟ್ಟೆಪಾಡಿಗೆ ಹೊರಡುವ ಮೊದಲೇ ನಾಖುದಾನಿಂದ ಮುಂಗಡ, ಹಂಗಾಮಿಲ್ಲದಾಗ ಮತ್ತೊಂದು ಮುಂಗಡ. ಪಾಲು ಸಾಲಕ್ಕೇ ಜಮಾ ಆಗಿ, ತೀರದಿದ್ದರೆ ಮರುವರ್ಷವೂ ಅವನ ದೋಣಿಯೇ ಗತಿ. ತಂದೆಯ ಸಾಲ ಮಗನ ತಲೆಗೂ ಬರುತ್ತಿತ್ತು. ನಾಖುದಾ ಕೂಡ ಊರಿನ ದೊಡ್ಡ ವರ್ತಕನಿಗೆ ಸಾಲಗಾರ. ಬಹ್ರೇನಿನಲ್ಲಿ 1920ರ ದಶಕದ ಸುಧಾರಣೆಯಲ್ಲಿ ಪ್ರತಿ ಮುಳುಗುವವನಿಗೂ ಸ್ವಂತ ಲೆಕ್ಕಪುಸ್ತಕ ಕಡ್ಡಾಯವಾಯಿತು. ದಯವಿಟ್ಟು ಇದನ್ನು ಬಿಡಬೇಡಿ. ವರ್ತಕರ ಮನೆಗಳ ಗಾರೆಕೆತ್ತನೆಯನ್ನಷ್ಟೇ ತೋರಿಸಿದರೆ ಆ ಮನೆ ಕಟ್ಟಿದ ದುಡಿಮೆಗೆ ಅನ್ಯಾಯವಾಗುತ್ತದೆ.

ಈ ಕಸುಬಿನ ಕುಸಿತಕ್ಕೆ, ಚಿಪ್ಪಿಯೊಳಗೆ ಮಣಿ ಇಟ್ಟು ಬೆಳೆಸುವ ಜಪಾನಿನ ಕೃಷಿ ಮುತ್ತೊಂದೇ ಕಾರಣ ಎಂದೂ ಬರೆಯಬೇಡಿ. 1929ರ ಆರ್ಥಿಕ ಕುಸಿತದಲ್ಲಿ ಕೊಳ್ಳುವವರೇ ಇಲ್ಲವಾದರು. 1932ರಲ್ಲಿ ಬಹ್ರೇನಿನಲ್ಲಿ ಎಣ್ಣೆ ಸಿಕ್ಕಿ ತಿಂಗಳ ಸಂಬಳದ ಕೆಲಸ ಬಂತು.

ನೌಕೆಪಟ:
ಪ್ರದರ್ಶನಕ್ಕೆ ಹಳೆಯ ಸರ ಯಾರಾದರೂ ಕೊಟ್ಟರೆ ಹಲ್ಲಿಗೆ ಉಜ್ಜಿ ನೋಡಿ 'ಸಹಜ ಮುತ್ತು' ಎಂದು ಚೀಟಿ ಅಂಟಿಸಬೇಡಿ. ಕೃಷಿ ಮುತ್ತೂ ಹಲ್ಲಿಗೆ ತರಿತರಿಯೇ. ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಗಾಜು, ಪ್ಲಾಸ್ಟಿಕ್ ಮಾತ್ರ. ತೂತಿನೊಳಗೆ ಭೂತಗನ್ನಡಿಯಲ್ಲಿ ನೋಡಿ: ಒಳಗಿನ ಮಣಿಗೂ ಹೊರಪದರಕ್ಕೂ ನಡುವೆ ಕಪ್ಪು ಗೆರೆ ಕಂಡರೆ ಕೃಷಿಯದು. ಗೆರೆ ಕಾಣದಿದ್ದ ಮಾತ್ರಕ್ಕೆ ಸಹಜ ಎಂದಲ್ಲ, ಮಣಿ ಇಡದೆ ಬೆಳೆಸಿದ ಮುತ್ತೂ ಇವೆ. ಅದನ್ನು ಪ್ರಯೋಗಾಲಯದ ಎಕ್ಸ್‌ರೇಯಲ್ಲಿ ಬೆಳವಣಿಗೆಯ ಉಂಗುರಗಳನ್ನು ನೋಡಿಯೇ ಹೇಳಬೇಕು. ವರದಿ ಬರುವ ತನಕ ಚೀಟಿಯಲ್ಲಿ 'ಮುತ್ತಿನ ಸರ' ಎಂದಷ್ಟೇ ಇರಲಿ.