ಪದಚರ್ಚೆ: ಸೊಂಟದ ಪಿಸ್ತೂಲಿನ ‘ಕುದುರೆ’ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಟೆಕ್ಸಾಸ್‌ನಲ್ಲಿ ಅಂಗಡಿ ನಡೆಸುವ ನನ್ನ ಭಾವ, ದಿನವೂ ಜೊತೆಯಲ್ಲಿಟ್ಟುಕೊಳ್ಳಲು ಹೆಚ್ಚು ಬೆಲೆಯಿಲ್ಲದ ಒಂದು ಪಿಸ್ತೂಲು ಕೊಳ್ಳುವ ವಿಚಾರದಲ್ಲಿದ್ದಾರೆ. ಅವರಿಗೆ ಗ್ರೀನ್ ಕಾರ್ಡ್ ಇದೆ, ಹಾಗಾಗಿ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿ ವೀಸಾದ ಮೇಲೆ ಇರುವವರು ಬಂದೂಕು ಹೊಂದುವುದನ್ನೇ ಅಮೆರಿಕದ ಒಕ್ಕೂಟ ಕಾನೂನು ಕೆಲವು ವಿನಾಯಿತಿಗಳನ್ನು ಬಿಟ್ಟು ನಿಷೇಧಿಸುತ್ತದೆ ಎಂಬುದನ್ನು ಅಲ್ಲಿರುವ ನಮ್ಮವರು ಮರೆಯಬಾರದು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ, 21 ವರ್ಷ ದಾಟಿದ, ಕಾನೂನಿನ ತಡೆಯಿಲ್ಲದ ವ್ಯಕ್ತಿ ಪರವಾನಗಿ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು.

ಆ ಮನೆಯಲ್ಲಿ ಅಕ್ಕ ಇದ್ದಾಳೆ, ಭಾವನ ತಾಯಿಯೂ ಇದ್ದಾರೆ. ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ. ಮನೆಯೊಳಗೆ ಅಂಥ ವಸ್ತು ಬರುವುದಾದರೆ ಅದರ ಅಂಗಾಂಗಗಳೂ ಅಪಾಯಗಳೂ ಮನೆಯವರೆಲ್ಲರಿಗೂ ತಿಳಿದಿರಬೇಕು ಎಂದು ಅಕ್ಕ ಪಟ್ಟು ಹಿಡಿದಿದ್ದಾಳೆ, ಅದು ಸರಿಯಾದ ಪಟ್ಟು. ಕನ್ನಡದಲ್ಲಿ ಒಂದು ಟಿಪ್ಪಣಿ ಬರೆದುಕೊಡುವ ಕೆಲಸ ನನ್ನದಾಗಿದೆ. ಅದನ್ನು ಬರೆಯುವಾಗ ಎದುರಾದ ಪದಗಳ ತೊಡಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ತೊಡಕು ‘ಕುದುರೆ’ಯದು. ಹಳೆಯ ಕೋವಿಗಳಲ್ಲಿ ಹಿಂದಕ್ಕೆ ಎಳೆದು ಏರಿಸುವ, ಬಿಟ್ಟಾಗ ಕೇಪಿನ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಮುಚ್ಚಳದ) ಮೇಲೆ ಬಡಿಯುವ ಭಾಗವೇ ಕುದುರೆ. ಆದರೆ ಕತೆ, ಕಾದಂಬರಿ, ಪತ್ರಿಕೆಗಳಲ್ಲಿ ‘ಕುದುರೆ ಎಳೆದ’, ‘ಕುದುರೆ ಒತ್ತಿದ’ ಎಂದು ಬೆರಳಿನಿಂದ ಎಳೆಯುವ ಟ್ರಿಗರ್‌ಗೂ ಅದೇ ಪದ ಬಂದಿದೆ. ಎರಡೂ ಅರ್ಥ ಒಂದೇ ಪದದಲ್ಲಿ ಸೇರಿಕೊಂಡರೆ ಕಾದಂಬರಿಗೇನೂ ನಷ್ಟವಿಲ್ಲ. ಎಚ್ಚರಿಕೆಯ ಟಿಪ್ಪಣಿಯಲ್ಲಿ ಅದು ಅಪಾಯ. ಈಗ ಅಮೆರಿಕದಲ್ಲಿ ಜನ ಸೊಂಟದಲ್ಲಿಟ್ಟುಕೊಳ್ಳುವ ಗ್ಲಾಕ್ 43, ಸಿಗ್ ಪಿ365, ಟಾರಸ್ ಜಿ2ಸಿ ಮುಂತಾದ ಪಿಸ್ತೂಲುಗಳಲ್ಲಿ ಹೊರಗೆ ಕಾಣುವ, ಬಡಿಯುವ ಕುದುರೆಯೇ ಇಲ್ಲ. ಒಳಗಿರುವ ಸೂಜಿಯಂಥ ಕಡ್ಡಿ ಮುಂದಕ್ಕೆ ಚಿಮ್ಮಿ ತೋಟಾದ ಬೆನ್ನಿಗೆ ಬಡಿಯುತ್ತದೆ. ‘ಕುದುರೆ ಏರಿಲ್ಲ, ಹೆದರಬೇಡಿ’ ಎಂಬ ಹಳೆಯ ಕೋವಿಯ ತಿಳಿವಳಿಕೆಯನ್ನು ಯಾರಾದರೂ ಇದಕ್ಕೆ ಹಚ್ಚಿದರೆ ಏನಾದೀತು? ನೋಡಿದ ಮಾತ್ರಕ್ಕೆ ಅದು ಸಿದ್ಧವಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದ್ದರಿಂದ ‘ಕುದುರೆ’ಯನ್ನು ಬಡಿಯುವ ಭಾಗಕ್ಕೇ ಉಳಿಸಿ, ಬೆರಳಿನ ಭಾಗವನ್ನು ‘ಟ್ರಿಗರ್’ ಎಂದೇ ಬರೆಯಬೇಕೆಂದು ನನ್ನ ಅಭಿಪ್ರಾಯ. ಅದನ್ನು ಸುತ್ತುವರಿದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಬಳೆಯಂಥ ಭಾಗಕ್ಕೆ ‘ಟ್ರಿಗರ್ ಬಳೆ’ ಎಂದು ಬರೆದಿದ್ದೇನೆ. ಒಪ್ಪಿಗೆಯೇ?

ಎರಡನೆಯದು ‘ಅಗ್ಗ’. ‘ಅಗ್ಗದ ಪಿಸ್ತೂಲು’ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಪೊಲೀಸರು ವಶಪಡಿಸಿಕೊಂಡ ನಾಡಪಿಸ್ತೂಲು. ಕನ್ನಡದಲ್ಲಿ ಪಿಸ್ತೂಲಿನ ಮಾತು ಬಹುತೇಕ ಅಪರಾಧ ವರದಿಯ ಮಾತೇ ಆಗಿದೆ: ‘ಅಕ್ರಮವಾಗಿ ಇಟ್ಟುಕೊಂಡಿದ್ದ’, ‘ಸಜೀವ ಗುಂಡುಗಳು ಪತ್ತೆ’. ಅಮೆರಿಕದಲ್ಲಿ ಮಾತು ಬೇರೆ. ಬ್ರೆಜಿಲ್ ಮೂಲದ ಟಾರಸ್ ಕಂಪನಿಯ ಜಿ2ಸಿ ಮುನ್ನೂರು ಡಾಲರಿನೊಳಗೆ ಸಿಗುತ್ತದೆ; ಸಿಗ್ ಪಿ365 ಕೊಳ್ಳಲು ಐನೂರರ ಆಚೀಚೆ ಬೇಕು. ಮೊದಲನೆಯದು ಕಳ್ಳಮಾಲಲ್ಲ, ಸರಳ ಮಾಲು. ‘ಕೈಗೆಟಕುವ ಬೆಲೆಯ’ ಎಂದು ಬರೆದರೆ ಜಾಹೀರಾತಿನಂತೆ ಕೇಳುತ್ತದೆ, ‘ಕಡಿಮೆ ಬೆಲೆಯ’ ಎಂಬುದೇ ನನಗೆ ಹಿಡಿಸಿತು. ಜೊತೆಗೆ ಇನ್ನೊಂದು ಮಾತನ್ನೂ ಭಾವನಿಗೆ ಬರೆದಿದ್ದೇನೆ: ಬೆಲೆ ಎಂದರೆ ಪಿಸ್ತೂಲಿನ ಬೆಲೆಯೊಂದೇ ಅಲ್ಲ. ಅಭ್ಯಾಸಕ್ಕೆ ಸುಡುವ ತೋಟಾಗಳು, ಗಟ್ಟಿಯಾದ ಒರೆ, ಮನೆಯಲ್ಲಿ ಬೀಗ ಹಾಕಿಡುವ ಪೆಟ್ಟಿಗೆ, ತರಬೇತಿಯ ಶುಲ್ಕ ಎಲ್ಲವೂ ಲೆಕ್ಕಕ್ಕೆ ಬರಬೇಕು. ಇನ್ನೂರು ಡಾಲರು ಉಳಿಸಿ ಆ ಹಣವನ್ನು ಅಭ್ಯಾಸಕ್ಕೆ ಹಾಕುವವನೇ ಜಾಣ.

‘ಒರೆ’ ಎಂದೆನಲ್ಲ, ಅದರ ಬಗ್ಗೆ ನನಗೆ ಸಂಶಯವಿಲ್ಲ. ಕತ್ತಿಗೆ ಒರೆ ಇರುವಾಗ ಪಿಸ್ತೂಲಿಗೆ ಹೋಲ್‌ಸ್ಟರ್ ಏಕೆ? ‘ಒರೆಯಿಂದ ಹಿರಿ’ ಎಂಬ ಕ್ರಿಯಾಪದವೂ ಜೊತೆಗೇ ಬರುತ್ತದೆ, ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ‘ಒರೆಯು ಟ್ರಿಗರ್ ಬಳೆಯನ್ನು ಪೂರ್ತಿ ಮುಚ್ಚಬೇಕು’ ಎಂಬ ವಾಕ್ಯ ಅತ್ತೆಗೆ ಓದಿದ ಕೂಡಲೇ ಅರ್ಥವಾಯಿತು ಎಂದು ಅಕ್ಕ ಹೇಳಿದಳು.

ಗುಂಡು ಹಾರದಂತೆ ತಡೆಯಲು ಹೆಬ್ಬೆರಳಿನಿಂದ ಮೇಲೆ ಕೆಳಗೆ ಮಾಡುವ ಸೇಫ್ಟಿಗೆ ‘ಸುರಕ್ಷತಾ ಸನ್ನೆ’ ಎನ್ನುವವರಿದ್ದಾರೆ. ನಾನು ‘ಚಿಲಕ’ ಎಂದು ಬರೆದೆ. ಜಿ2ಸಿಯಲ್ಲಿ ಆ ಚಿಲಕ ಇದೆ. ಗ್ಲಾಕ್ 43ರಲ್ಲಿ ಇಲ್ಲ, ಅದರ ತಡೆ ಟ್ರಿಗರ್‌ನಲ್ಲೇ ಅಡಗಿದೆ, ಬೆರಳು ಸರಿಯಾಗಿ ಎಳೆದರೆ ತಾನಾಗಿ ಬಿಡುತ್ತದೆ. ಚಿಲಕವಿರುವುದು ಮೇಲೋ ಇಲ್ಲದಿರುವುದು ಮೇಲೋ ಎಂಬ ವಾದ ಅಲ್ಲಿ ಮುಗಿಯುವುದೇ ಇಲ್ಲ. ‘ಚಿಲಕ’ ಎಂದಾಗ ‘ಹಾಕಿದರೆ ಪೂರ್ತಿ ಭದ್ರ’ ಎಂಬ ಭಾವನೆ ಓದುವವರಿಗೆ ಬರಬಹುದೆಂಬ ಅಳುಕು ಮಾತ್ರ ಇದೆ. ಯಂತ್ರದ ಚಿಲಕವನ್ನು ನಂಬಿ ನಳಿಗೆಯನ್ನು ಮನುಷ್ಯರತ್ತ ತಿರುಗಿಸುವಂತಿಲ್ಲ.

‘ಕ್ಯಾಲಿಬರ್’ ಎಂಬುದಕ್ಕೆ ಬರೆಯುವ ‘ವ್ಯಾಸ’ದ ಬಗ್ಗೆ ಚುಟುಕಾಗಿ: .380 ಎಂಬ ತೋಟಾಕ್ಕೂ 9 ಮಿ.ಮೀ. ತೋಟಾಕ್ಕೂ ಗುಂಡಿನ ಅಡ್ಡಳತೆ ಒಂದೇ. ವ್ಯತ್ಯಾಸವಿರುವುದು ಮದ್ದು ತುಂಬಿದ ಕೋಶದ ಉದ್ದದಲ್ಲಿ, 17 ಮತ್ತು 19 ಮಿ.ಮೀ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ಹಾಗಾಗಿ ‘ವ್ಯಾಸ’ ಎಂದು ಅನುವಾದಿಸಿದರೆ ದಾರಿ ತಪ್ಪಿಸುತ್ತದೆ. ‘ತೋಟಾದ ಜಾತಿ’ ಎಂದು ಬರೆದಿದ್ದೇನೆ. ಇದರಿಂದಲೇ ‘ತೋಟಾ’ ಮತ್ತು ‘ಗುಂಡು’ ಬೇರೆಬೇರೆ ಎಂಬುದನ್ನೂ ಕಾಯ್ದುಕೊಳ್ಳಬೇಕೆಂದು ಕೋರುತ್ತೇನೆ. ಹಾರಿಹೋಗುವುದು ಗುಂಡು, ಮದ್ದು-ಕೋಶ-ಗುಂಡು ಸೇರಿದ್ದು ತೋಟಾ. ಮಲೆನಾಡಿನವರು ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದು ಎಷ್ಟು ಚೊಕ್ಕವಾಗಿ ವಿಂಗಡಿಸಿದ್ದರು!

ಕೊನೆಯ ತೊಡಕೇ ಎಲ್ಲಕ್ಕಿಂತ ದೊಡ್ಡದು. ಮ್ಯಾಗಜಿನ್ (ತೋಟಾಗಳನ್ನು ತುಂಬಿಡುವ ಡಬ್ಬಿ) ಹೊರಗೆಳೆದ ಮೇಲೂ ಪಿಸ್ತೂಲಿನಲ್ಲಿ ಒಂದು ತೋಟಾ ಉಳಿದಿರಬಹುದು. ಸಿಗ್ ಪಿ365ನ್ನು ‘ಹತ್ತು ಕೂಡಿಸು ಒಂದು’ ಎಂದು ಕರೆಯುವಾಗ ಆ ‘ಒಂದು’ ಅದೇ. ಖಾಲಿಯಾಗಿದೆ ಎಂದು ನಂಬಿ ಟ್ರಿಗರ್ ಎಳೆದವರ ಮನೆಗಳಲ್ಲಿ ಆದ ಸಾವುಗಳು ಕಡಿಮೆಯಲ್ಲ. ಆ ತೋಟಾ ಕೂತಿರುವ ಜಾಗಕ್ಕೆ (ಇಂಗ್ಲಿಷಿನ ‘ಚೇಂಬರ್’) ಕನ್ನಡದ ಹೆಸರು ಬೇಕು. ‘ಕೋಣೆ’ ಎಂದರೆ ಅತ್ತೆಗೆ ಮನೆಯ ಕೋಣೆಯೇ ನೆನಪಾಗುತ್ತದೆ. ‘ನಳಿಗೆಯ ಬುಡ’ ಎಂದು ಸದ್ಯಕ್ಕೆ ಬರೆದಿದ್ದೇನೆ: ‘ಮ್ಯಾಗಜಿನ್ ತೆಗೆಯಿರಿ, ಮೇಲಿನ ಜಾರುಪಟ್ಟಿಯನ್ನು ಹಿಂದಕ್ಕೆಳೆದು ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ.’

ಕೊಡಗಿನಲ್ಲಿ ಪರವಾನಗಿಯ ವಿನಾಯಿತಿಯೊಂದಿಗೆ ಕೋವಿ ಮನೆಮನೆಯಲ್ಲಿ ಉಳಿದುಬಂದಿದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂವು (ಕೋವಿ ಹೂವು) ಇಟ್ಟು ಪೂಜಿಸುತ್ತಾರೆ. ಜೋಡಿ ನಳಿಗೆಯ ಕೋವಿಯನ್ನು ಬಾಗಿಸಿ ತೆರೆದು ತೋಟಾ ಇಡುವ ಆ ಗೂಡಿಗೆ ಕೊಡವ ತಕ್ಕ್‌ನಲ್ಲಾಗಲಿ, ಮಲೆನಾಡಿನ ಬೇಟೆಗಾರರ ಮಾತಿನಲ್ಲಾಗಲಿ ಬಳಕೆಯ ಹೆಸರೊಂದು ಇದ್ದೇ ಇರಬೇಕು. ಹಿರಿಯರನ್ನು ಕೇಳಿ ತಿಳಿಸುವಿರಾ? ಭಾವ ಅಂಗಡಿಗೆ ಹೋಗುವ ಮೊದಲು ಟಿಪ್ಪಣಿ ಅಕ್ಕನ ಕೈಸೇರಬೇಕಾಗಿದೆ.