ಅಪ್‌ಡೇಟ್: ಕುಡಾ ಕೋಡು ಹಿಪ್‌ಗೆ ಬಂತು, ಕಾಣೆಯಾಗಿದ್ದ ಅರ್ಧ ಮೊತ್ತವೂ ಸಿಕ್ಕಿತು

ಪುಣೆಯ ಮುಳಾ-ಮುಠಾ ನದಿಗಳ ನೆರೆಯನ್ನು ಲೆಕ್ಕ ಹಾಕುವ ನಮ್ಮ ಕುಡಾ ಕೋಡನ್ನು (ಎನ್‌ವಿಡಿಯಾ ಜಿಪಿಯುಗಳಿಗಾಗಿ ಬರೆದದ್ದು) ಎಎಂಡಿ ಕಂಪನಿಯ ಇನ್‌ಸ್ಟಿಂಕ್ಟ್ ಜಿಪಿಯುಗೆ, ಅಂದರೆ ಏಕಕಾಲಕ್ಕೆ ಸಾವಿರಾರು ಲೆಕ್ಕ ಮಾಡುವ ಚಿಪ್‌ಗೆ, ಒಯ್ಯಲು ಕುಡಾವನ್ನೇ ಹೋಲುವ ಎಎಂಡಿಯ ಹಿಪ್ ಒಳ್ಳೆಯದೋ ಹಲವು ಕಂಪನಿಗಳ ಚಿಪ್‌ಗಳಿಗೆ ಹೊಂದುವ ಸಿಕಲ್ ಒಳ್ಳೆಯದೋ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಹಿಪ್ ಆರಿಸಿಕೊಂಡೆವು. ಮೆಮೊರಿ ಕಾಯ್ದಿರಿಸುವ ಕುಡಾಮ್ಯಾಲಾಕ್‌ನಂಥ ಆದೇಶ ಇದ್ದಲ್ಲೆಲ್ಲ ಹಿಪ್‌ಮ್ಯಾಲಾಕ್ ಎಂದು ಬದಲಿಸುವ ಕೆಲಸವನ್ನು ಹಿಪಿಫೈ ಉಪಕರಣವೇ ಮುಗಿಸಿತು.

ತೊಡಕು ಶುರುವಾದದ್ದು ಕಂಪೈಲ್ ಆದ ಮೇಲೆ. ಒಟ್ಟು ನೀರಿನ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಎಲ್ಲಿಯೂ ದೋಷದ ಸೂಚನೆಯಿಲ್ಲ! ಎನ್‌ವಿಡಿಯಾದಲ್ಲಿ ಒಂದು ವಾರ್ಪ್‌ಗೆ (ಒಟ್ಟಾಗಿ ಹೆಜ್ಜೆ ಹಾಕುವ ಥ್ರೆಡ್‌ಗಳ, ಅಂದರೆ ಲೆಕ್ಕದ ಎಳೆಗಳ ಗುಂಪು) 32 ಥ್ರೆಡ್‌ಗಳು, ಇನ್‌ಸ್ಟಿಂಕ್ಟ್‌ನಲ್ಲಿ 64. ಹಳೆಯ ಕೋಡಿನ ಸಂಕಲನದ ಲೂಪಿನಲ್ಲಿ ಪ್ರತಿ ಥ್ರೆಡ್ ನಿಗದಿತ ದೂರದ ಥ್ರೆಡ್‌ನ ಮೌಲ್ಯವನ್ನು ತನ್ನದಕ್ಕೆ ಕೂಡಿಸುತ್ತಿತ್ತು, ಆ ದೂರ 16ರಿಂದ ಆರಂಭವಾಗಿ 8, 4, 2, 1 ಎಂದು ಇಳಿಯುತ್ತಿತ್ತು. ಹಾಗಾಗಿ ಮೊದಲ ಥ್ರೆಡ್‌ಗೆ 32 ಥ್ರೆಡ್‌ಗಳ ಮೊತ್ತವಷ್ಟೇ ತಲುಪಿ, ಉಳಿದರ್ಧ ಬಿಟ್ಟುಹೋಗುತ್ತಿತ್ತು. ಪತ್ತೆಹಚ್ಚಿದವರು ಧಾರವಾಡದಿಂದ ಬಂದು ಇಲ್ಲೇ ನೆಲೆಸಿರುವ ನಮ್ಮ ಹಿರಿಯ ಸಹೋದ್ಯೋಗಿ. ಅವರ ಕಣ್ಣು ಬಲು ಸೂಕ್ಷ್ಮ. ಲೂಪನ್ನು ವಾರ್ಪ್‌ಸೈಜ್‌ನ (ವಾರ್ಪ್ ಗಾತ್ರದ) ಅರ್ಧದಿಂದ ಆರಂಭಿಸಿದೆವು, ಪ್ರತಿ ಥ್ರೆಡ್‌ಗೆ ಒಂದೊಂದು ಬಿಟ್ ಇರುವ ಬ್ಯಾಲೆಟ್ ಮಾಸ್ಕ್‌ಗಳನ್ನು 64 ಬಿಟ್‌ಗೆ ಹಿಗ್ಗಿಸಿದೆವು. ಈಗ ಮೊತ್ತ ತಾಳೆಯಾಗುತ್ತಿದೆ.

ಕೊನೆಯ ದಶಮಾಂಶಗಳು ಮಾತ್ರ ಹೊಂದುವುದಿಲ್ಲ. ಕೂಡಿಸುವ ಕ್ರಮ ಬದಲಾದಾಗ ಫ್ಲೋಟ್ (ದಶಮಾಂಶ ಸಂಖ್ಯೆಗಳ) ಮೊತ್ತ ತುಸು ಬದಲಾಗುವುದು ಸಹಜ, ಆದ್ದರಿಂದ ಪರೀಕ್ಷೆಗಳಲ್ಲಿ ಸಣ್ಣ ಅಂತರಕ್ಕೆ ಅವಕಾಶ ಇಟ್ಟಿದ್ದೇವೆ. ವಾರ್ಪ್ ಗಾತ್ರವನ್ನು ಮೊದಲು ನೋಡಿ ಎಂದಿದ್ದವರಿಗೆ ಹೃತ್ಪೂರ್ವಕ ಧನ್ಯವಾದಗಳು.